ಮಾಸ್ಕಿನ ಮೇಲಿನ ಕಣ್ಣುಗಳು

ಕ್ಯಾಂಟೀನಿನಲ್ಲಿ ಯಾರೋ ಒಬ್ಬ ನನ್ನನ್ನು ನೋಡಿ ನಕ್ಕ. ಗುರುತು ಪರಿಚಯ ಇಲ್ಲದವನು. ನಾನು ಮುಖ ತಿರುಗಿಸಿ, ತಟ್ಟೆ ಹಿಡಿದು ಮುಂದೆ ಹೋದೆ.

ಮರುದಿನ ಉಪಗ್ರಹ ಜೋಡಿಸುವ ಕ್ಲೀನ್‌ರೂಮಿನಲ್ಲಿ ಗೋಂದು ನನ್ನೊಡನೆ ಮಾತೇ ಆಡಲಿಲ್ಲ.

ಗೋಂದು ಅಂದರೆ ನಮ್ಮ ಟೆಕ್ನಿಷಿಯನ್. ಉಪಗ್ರಹದ ಮಡಚುವ ತೋಳಿಗೆ ಕೀಲು ಅಂಟಿಸುವವನು, ಹಾಗಾಗಿ ನಾನೇ ಇಟ್ಟ ಹೆಸರು. ನಾನು ಪಂಪ್ ಕಾರ್ಖಾನೆಯಿಂದ ಬಂದ ಮೆಕ್ಯಾನಿಕಲ್ ಇಂಜಿನಿಯರ್, ಅವನ ಬಾಯಲ್ಲಿ ನನ್ನ ಹೆಸರು ಬರೀ ಪಂಪು. ಮೈಗೆಲ್ಲ ಬಿಳಿ ಸೂಟು, ಮೂಗು ಬಾಯಿಗೆ ಮಾಸ್ಕ್. ತಿಂಗಳುಗಟ್ಟಲೆ ನಾನು ಕಂಡಿದ್ದು ಅವನ ಕಣ್ಣು ಮಾತ್ರ. ಕೀಲು ಸರಿಯಾಗಿ ಕೂತರೆ ಎಡಗಣ್ಣು ಕಿರಿದಾಗುತ್ತಿತ್ತು. ನಾನು ಎಡವಟ್ಟು ಮಾಡಿದರೆ ಹುಬ್ಬುಗಳು ಟೋಪಿಯೊಳಗೆ ಹೋಗಿ ಸೇರುತ್ತಿದ್ದವು. ಅಷ್ಟಕ್ಕೇ ನಾನು ಮನಸ್ಸು ಕೊಟ್ಟಿದ್ದೆ.

“ಏನಾಯ್ತು ನಿಂಗೆ?”

“ನಿನ್ನೆ ಕ್ಯಾಂಟೀನಲ್ಲಿ ನಾನು ನಕ್ಕೆ. ನೀನು ಕಸ ಕಂಡ ಹಾಗೆ ನೋಡಿ ಹೋದೆ.”

“ಅಯ್ಯೋ, ಅದು ನೀನಾ? ನಿನ್ನ ಮೂಗು ನಾನೆಲ್ಲಿ ನೋಡಿದ್ದೀನೋ?”

ನನ್ನನ್ನು ಅವನು ಆಫೀಸಿನ ಗಾಜಿನಾಚೆ ಮಾಸ್ಕಿಲ್ಲದೆ ದಿನವೂ ನೋಡುತ್ತಿದ್ದನಂತೆ. ಅವನ ಎಡಗಣ್ಣು ಕಿರಿದಾಯಿತು. “ಹೇಗಿದೆ ಮೂಗು?”

“ಮಾಸ್ಕ್ ಇದ್ರೇನೇ ವಾಸಿ.”

ಆಮೇಲೆ ಸಂಜೆ ಹೊತ್ತು ಜೊತೆಯಲ್ಲೇ ನಡೆದು ಹೋಗುತ್ತಿದ್ದೆವು. ಹೊರಗೆ ಅವನ ಮುಖದಲ್ಲಿ ಯಾವಾಗಲೂ ನಗು. ತನ್ನ ಅಕ್ಕ ಹಾಸಿಗೆ ಹಿಡಿದ ಸಂಗತಿಯನ್ನೂ ನಗುತ್ತಲೇ ಹೇಳಿದ. ಆ ನಗುವನ್ನು ಓದಲು ನನಗೆ ಬರುತ್ತಿರಲಿಲ್ಲ.

ನಮ್ಮ ಉಪಗ್ರಹದ ತೋಳು ಭೂಮಿಯ ಮೇಲೆ ತನ್ನ ಭಾರ ತಾನೇ ಹೊರಲಾರದು. ದಾರದಲ್ಲಿ ತೂಗುಹಾಕಿ ಬಿಚ್ಚಿಸಿ ನೋಡಬೇಕು. ಪರೀಕ್ಷೆಯ ದಿನ ಅದು ಎಲ್ಲೂ ತಡೆಯದೆ ಬಿಚ್ಚಿಕೊಂಡಿತು. ಅದನ್ನು ನೋಡಿಯೇ ಬಾಹ್ಯಾಕಾಶದಲ್ಲಿ ರಿಪೇರಿ ಮಾಡುವ ರೋಬಾಟ್‌ಗಳ ತಂಡದವರು ನನ್ನನ್ನು ಕರೆದರು. ದೂರದ ಊರು, ವರ್ಷಗಳ ಕೆಲಸ. “ನೀರೆತ್ತೋ ಪಂಪ್ ಬಿಟ್ಟು ಆಕಾಶಕ್ಕೇ ಕೈ ಹಾಕಿದ್ಲು,” ಎಂದು ಅಪ್ಪ ಬೀಗಿದರು. ಕಾಲೇಜಿನಿಂದಲೂ ನಾನು ಬಯಸಿದ್ದು ಇದನ್ನೇ. ಆದರೂ ಟಿಕೆಟ್ ತೆಗೆಸುವುದನ್ನು ದಿನದಿನ ಮುಂದೂಡುತ್ತಿದ್ದೆ.

“ನೀನೂ ಬಾ,” ಎಂದು ಗೋಂದುವಿಗೆ ಹೇಳಿದ್ದೆ.

“ಅಕ್ಕನ್ನ ಯಾರು ಎತ್ತಿ ಕೂರಿಸ್ತಾರೆ?”



ಹೊರಡುವ ದಿನ ರೈಲಿನ ಬಾಗಿಲಲ್ಲಿ ನಿಂತು ಕೊನೆಯ ಸಲ ಕೇಳಿದೆ. “ಬೇಡ ಅಂತ ಒಂದು ಮಾತು ಹೇಳು, ಇಳಿದುಬಿಡ್ತೀನಿ.”

“ಹುಚ್ಚಿ, ಹೋಗು. ನಂಗೇನು, ಇನ್ನೊಬ್ಬರು ಇಂಜಿನಿಯರ್ ಬರ್ತಾರೆ.” ನಗುತ್ತಲೇ ಇದ್ದ.

ಇಷ್ಟೇನಾ ನಾನು ಇವನಿಗೆ? ಬಗ್ಗಿ, ಅವನ ಮೂಗು ಬಾಯಿಯ ಮೇಲೆ ಅಂಗೈ ಇಟ್ಟು ಮುಚ್ಚಿದೆ.

ಇನ್ನು ಕಂಡಿದ್ದು ಕಣ್ಣು ಮಾತ್ರ. ಅದನ್ನು ಓದಲು ನನಗೆ ಯಾರೂ ಕಲಿಸಬೇಕಿರಲಿಲ್ಲ. ಎರಡೂ ತುಂಬಿ ಬಂದಿದ್ದವು. ಹೋಗಬೇಡ ಎಂದು ಅಂಗಲಾಚುತ್ತಿದ್ದವು.

“ಸುಳ್ಳುಗಾರ,” ಎಂದೆ.

“ಪ್ರೀತಿಸ್ತೀನಿ ಕಣೇ,” ಎಂದ ನನ್ನ ಅಂಗೈಯೊಳಗೆ. “ಅದಕ್ಕೇ ಹೋಗು ಅಂತಿರೋದು.”

ರೈಲು ಹೊರಟಿತು. ಪ್ಲಾಟ್‌ಫಾರ್ಮಿನಲ್ಲಿ ಅವನು ತನ್ನ ಕೈಯಿಂದಲೇ ಮೂಗು ಬಾಯಿ ಮುಚ್ಚಿಕೊಂಡು ನಿಂತ, ನನಗೆ ಗುರುತು ತಪ್ಪಬಾರದೆಂದು. ನಾನು ಕಣ್ಮರೆಯಾಗುವವರೆಗೂ ಆ ಕೈ ಇಳಿಸಲಿಲ್ಲ.