ಚಾವಣಿಗೆ ತಿರುಗಿಸಿದ ಕನ್ನಡಿ

ಒದ್ದೆ ಮಾಡಿದ ಹಳೇ ಪೇಪರಿನಿಂದ ಬಾಡಿಗೆ ಕಾರಿನ ಮುಂದಿನ ಗಾಜು ಉಜ್ಜಿ ಉಜ್ಜಿ ಕ್ಲಚ್ಚಕ್ಕನ ಸಹನೆ ಅರ್ಧ ಸವೆದುಹೋಗಿತ್ತು. ಹಕ್ಕಿಯ ಹಿಕ್ಕೆ ಒಣಗಿ ಸುಣ್ಣದಂತೆ ಕಚ್ಚಿಕೊಂಡಿತ್ತು. ಕೆರೆದರೆ ಉಗುರು ನೊಂದಿತೇ ಹೊರತು ಅದು ಜಗ್ಗಲಿಲ್ಲ. ಬೆಳಗಿನ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು.

ಅಂಗಡಿಯ ಕೌಂಟರಿನಲ್ಲಿ ಕೂರುವ ಹೆಂಗಸು ಹೊಸಿಲ ಬಳಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ಕೊನೆಗೆ ಬಾಯಿಬಿಟ್ಟಳು.

"ಅಕ್ಕಾ, ಹೊರಗಡೆ ಎಷ್ಟು ಬೇಕಾದ್ರೂ ಉಜ್ಜಿ. ಒಳಗಿನ ಕನ್ನಡಿ ಮಾತ್ರ ಮುಟ್ಬೇಡಿ."

ಕ್ಲಚ್ಚಕ್ಕ ಬಗ್ಗಿ ನೋಡಿದಳು. ಚಾಲಕನ ತಲೆಯ ಮೇಲಿರುವ ಕನ್ನಡಿಯ ಮುಖವನ್ನು ಚಾವಣಿಗೆ ತಿರುಗಿಸಿ, ಅದರ ಕತ್ತಿಗೆ ಕಪ್ಪು ದಾರ ಸುತ್ತಿದ್ದರು. ದಾರದ ತುಂಬ ಗಂಟು, ಗಂಟಿನ ಮೇಲೆ ಗಂಟು.

"ಅದನ್ನ ಮುಟ್ಟದೆ ಹಿಂದೆ ಬರೋ ಗಾಡೀನ ಹೇಗೆ ನೋಡ್ಲಿ? ಜಾತಕದಲ್ಲಾ?"

"ಪಕ್ಕದ ಕನ್ನಡಿ ಎರಡಿದಾವಲ್ಲ, ಅದ್ರಲ್ಲೇ ಸುಧಾರಿಸ್ಕೊಳ್ಳಿ. ಆಗಲ್ಲ ಅಂದ್ರೆ ನಾಳೆ ಬನ್ನಿ ಅಕ್ಕಾ. ಬೇರೆ ಗಾಡಿ ಬರುತ್ತೆ."

ನಾಳೆ! ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಹೊರಟಾಗಿನಿಂದ ಅವಳು ಕೇಳುತ್ತಿದ್ದುದು ಅದೊಂದೇ ಮಾತು. ಬಸ್ಸು ಕೆಟ್ಟು ನಿಂತಾಗ ನಾಳೆ. ರಜೆಯ ಜನಜಾತ್ರೆಯಲ್ಲಿ ರೂಮು ಸಿಗದಾಗ ನಾಳೆ. ಊರಿನ ಬಾಡಿಗೆ ಕಾರುಗಳೆಲ್ಲ ಹೊರಟುಹೋಗಿದ್ದಾಗಲೂ ನಾಳೆ. ಎಲ್ಲದಕ್ಕಿಂತ ದೊಡ್ಡ ನಾಳೆಯೊಂದು ಕಾರಿನ ಪಕ್ಕದ ಸೀಟಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತಿತ್ತು. ಅದು ಅವಳ ಗಂಡ.

ಗಂಡ ಬೋರ್ಡು ಬರೆಯುವವನು. ಎರಡು ವರ್ಷದಿಂದ ಅವನ ದೃಷ್ಟಿ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬಂದು, ಈಗ ಲೋಕವೆಲ್ಲ ಒಂದು ಬಳೆಯೊಳಗೆ ಹಿಡಿಸುವಷ್ಟೇ ಉಳಿದಿತ್ತು. ದೊಡ್ಡಾಸ್ಪತ್ರೆಯವರು ಬರೆದಿದ್ದರು: ಆಪರೇಷನ್ ಮಾಡಬಹುದು, ಗೆದ್ದರೆ ಇದ್ದ ದೃಷ್ಟಿ ಉಳಿಯುತ್ತದೆ, ಸೋತರೆ ಇದ್ದುದೂ ಹೋಗುತ್ತದೆ, ಒಪ್ಪಿಗೆಯ ಕಾಗದ ಬರೆದು ಕಳಿಸಿ. ಕಳೆದ ಮಳೆಗಾಲದಿಂದ ಅವನು ಆ ಕಾಗದ ಬರೆದಿರಲಿಲ್ಲ. ಕೇಳಿದರೆ ಒಂದೇ ಉತ್ತರ.

"ಮೊದಲು ಸಮುದ್ರ ನೋಡ್ತೀನಿ, ಆಮೇಲೆ ಕಾಗದ. ಜೀವಮಾನವೆಲ್ಲ ಸೋಡಾ ಅಂಗಡಿ ಬೋರ್ಡ್ ಮೇಲೆ ಸಮುದ್ರ ಬಳಿದೆ. ಕಣ್ಣಾರೆ ಒಂದ್ಸಲ ಕಂಡಿಲ್ಲ. ಬಣ್ಣ ಸರಿಯಿತ್ತೋ ಇಲ್ವೋ ನೋಡ್ಬೇಡ್ವೇನೇ?"

ಸರಿ, ತೋರಿಸಿಬಿಡೋಣ ಎಂದು ಹೊರಡಿಸಿಕೊಂಡು ಬಂದಿದ್ದಳು. ಆಸ್ಪತ್ರೆಯವರು ಹಾಸಿಗೆಯನ್ನು ಎಷ್ಟು ದಿನ ಖಾಲಿ ಇಟ್ಟಾರು?

ಒಳಕೋಣೆಯಿಂದ ಅಂಗಡಿಯ ಯಜಮಾನ ಬೀಗದಕೈ ತಂದ. ಕೌಂಟರಿನ ಹೆಂಗಸಿನ ಅಣ್ಣ ಅವನು. ಬಂದ ರೀತಿ ಮಾತ್ರ ವಿಚಿತ್ರ: ಬೆನ್ನು ಮುಂದು ಮಾಡಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಮೆಟ್ಟಿಲನ್ನೂ ಎಡವದೆ ಇಳಿದು ಬಂದ. ಮುಖ ತಿರುಗಿಸದೆಯೇ ಕೈಯನ್ನು ಹಿಂದಕ್ಕೆ ಚಾಚಿ ಬೀಗದಕೈ ಕೊಟ್ಟ.

"ಗಿರಾಕಿಗೆ ಬೆನ್ನು ತೋರಿಸೋ ವ್ಯಾಪಾರ ಇದೇ ಮೊದಲು ನೋಡ್ತಿರೋದು," ಎಂದಳು ಕ್ಲಚ್ಚಕ್ಕ. ಅವನ ಹೆಗಲು ಒಂದಿಷ್ಟು ಕುಗ್ಗಿತು. ಅಷ್ಟೆ.

ಕ್ಲಚ್ಚಕ್ಕ ಎನ್ನುವುದು ಅವಳ ಡ್ರೈವಿಂಗ್ ಸ್ಕೂಲಿನ ಶಿಷ್ಯರಿಟ್ಟ ಹೆಸರು. ಅವರ ಊರಿನಲ್ಲಿ ಸ್ಟಿಯರಿಂಗ್ ಹಿಡಿಯುವವರಲ್ಲಿ ಅರ್ಧ ಜನ ಅವಳಿಂದ ಬೈಸಿಕೊಂಡವರೇ. ಸೀಟು, ಬೆಲ್ಟು, ಕನ್ನಡಿ. ಈ ಮೂರೂ ಆಗದೆ ಕೀ ತಿರುಗಿಸಿದ ಶಿಷ್ಯನನ್ನು ನಡುದಾರಿಯಲ್ಲಿ ಇಳಿಸಿ ಮನೆಗೆ ನಡೆಸಿದವಳು ಅವಳು. ಈಗಲೂ ಸೀಟು ಎಳೆದುಕೊಂಡಳು. ಬೆಲ್ಟು ಹಾಕಿಕೊಂಡಳು. ಕೈ ತಾನಾಗಿಯೇ ಮೇಲಕ್ಕೆ ಹೋಯಿತು.

ದಾರ ಬಿಡಲಿಲ್ಲ. ಪರ್ಸಿನಿಂದ ಉಗುರುಕತ್ತರಿ ತೆಗೆದಳು.

"ಹೋಗ್ಲಿ ಬಿಡೇ. ಆ ಯಮ್ಮ ಅಷ್ಟು ಹೇಳ್ತಾ ಇದ್ದಾರೆ," ಎಂದ ಗಂಡ.

"ನಿಮ್ಮ ಬೋರ್ಡ್‌ಗೆ ನಾನು ಬಣ್ಣ ಹೇಳ್ಕೊಟ್ಟಿದೀನಾ? ಸುಮ್ನೆ ಕೂತ್ಕೊಳ್ಳಿ."

ದಾರ ಟಪ್ಪೆಂದು ಕಡಿಯಿತು. ಕೂದಲು ಸುಟ್ಟ ವಾಸನೆ ಕಾರಿನೊಳಗೆ ಭುಗ್ಗೆಂದಿತು. ಕನ್ನಡಿಯ ಅಂಚು ಬೆರಳಿಗೆ ಅಂಟಂಟಾಗಿ ಹತ್ತಿತು. ಅವಳು ಅದನ್ನು ಸರಿಮಾಡಿಕೊಂಡು ನೋಡಿದಾಗ ಅಂಗಳದಲ್ಲಿ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅಣ್ಣ ಅಲ್ಲಿರಲಿಲ್ಲ. ಬಾಗಿಲು ಹಾಕಿಕೊಂಡಿದ್ದ.

*

ದಾರಿ ನೇರವೇ ಇತ್ತು. ಗುಡ್ಡ ಇಳಿದರೆ ಕಡಲು ಎಂದು ಪೆಟ್ರೋಲ್ ಬಂಕಿನವನು ಹೇಳಿದ್ದ. ಗುಡ್ಡ ಇಳಿದರು. ಕಡಲಿರಲಿಲ್ಲ, ಕುರುಚಲು ಗಿಡ, ಕಾದ ಮಣ್ಣು, ಮುಂದೆ ಇನ್ನೊಂದು ಗುಡ್ಡ. ಅದನ್ನೂ ಹತ್ತಿ ಇಳಿದರು. ಎ.ಸಿ. ಕೆಮ್ಮಿ ಕೆಮ್ಮಿ ನಿಂತುಹೋಯಿತು. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಬೆವರು, ಎರಡರಲ್ಲೂ ಕೂದಲು ಸುಟ್ಟ ವಾಸನೆ.

"ಕೇಳ್ಕೊಂಡು ಬಂದಿದ್ದು ಸರೀನಾ?" ಎಂದ ಗಂಡ.

"ಇಲ್ಲ, ನಿಮಗೆ ಗುಡ್ಡ ತೋರಿಸೋಣ ಅಂತ ಬಂದಿದೀನಿ."

ರಸ್ತೆಯ ಬದಿಯಲ್ಲಿ ಬೋರ್ಡು ಕಂಡಿತು: ಕಡಲ ತೀರ, ಬಾಣದ ಗುರುತು. ಬಾಣ ತೋರಿದತ್ತ ತಿರುಗಿಸಿದಳು. ಮತ್ತೆ ಗುಡ್ಡ. ಮತ್ತೆ ಬೋರ್ಡು. ಮತ್ತೆ ತಿರುವು. ಗಂಡ ಕಿಟಕಿಗೆ ಮುಖ ಒತ್ತಿ, ಉಳಿದಷ್ಟೇ ಕಣ್ಣಿನಿಂದ ಬೋರ್ಡನ್ನು ಹುಡುಕಿ ಹಿಡಿದು ನೋಡಿದ.

"ಏನೇ, ಇದನ್ನ ಆಗ್ಲೇ ನೋಡಿದ್ವಿ."

"ಒಂದೇ ಥರ ಬರೆಸಿರ್ತಾರೆ."

"ಬರೆಯೋದು ಒಂದೇ ಥರ ಇರಬಹುದು. ಬಣ್ಣ ಸೋರೋದು ಒಂದೇ ಥರ ಇರಲ್ಲ. ಬಾಣದ ಕೆಳಗೆ ನೋಡು, ಬಾಲ ಬಿಟ್ಟಿದೆ. ಇದು ಅದೇ ಬೋರ್ಡು."

ಸಿಟ್ಟಿನಲ್ಲಿ ಗೇರು ಕರ್ರೆಂದಿತು. ತನ್ನ ಶಿಷ್ಯರಾದರೆ ಆ ಸದ್ದಿಗೆ ತಲೆಗೊಂದು ಮೊಟಕುತ್ತಿದ್ದಳು. ಹಿಂದೆ ಯಾರಾದರೂ ಬರುತ್ತಿದ್ದರೆ ಕೈ ಅಡ್ಡ ಹಾಕಿ ಕೇಳೋಣವೆಂದು ಕನ್ನಡಿಯತ್ತ ಕಣ್ಣೆತ್ತಿದಳು.

ಕನ್ನಡಿಯ ತುಂಬ ಸಮುದ್ರವಿತ್ತು.

ಬಿಸಿಲಿಗೆ ಹೊಳೆಯುವ, ಏರಿ ಇಳಿಯುವ, ಅಂಚಿಲ್ಲದ ಸಮುದ್ರ. ತಟಕ್ಕನೆ ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದಳು. ಕುರುಚಲು ಗಿಡ. ಕನ್ನಡಿ ನೋಡಿದಳು. ಸಮುದ್ರ. ಕಾರನ್ನು ಪೂರ್ತಿ ಹೊರಳಿಸಿ ಬಂದ ದಾರಿಗೇ ಮುಖ ಮಾಡಿದಳು. ಎದುರಿಗೆ ಗುಡ್ಡ. ಸಮುದ್ರ ಮತ್ತೆ ಬೆನ್ನಿಗೆ ಹೋಗಿ ನಿಂತಿತು.

"ಏನಾಯ್ತೇ? ಗಾಡಿ ಯಾಕೆ ಬುಗುರಿ ಥರ ಸುತ್ತಿಸ್ತಿದೀಯ?"

ಎದುರಿನ ಗುಡ್ಡದ ಬಣ್ಣ ಮಾಸುತ್ತಿತ್ತು. ಗಾಜು ಮಂಜಾಗಿದೆಯೆಂದು ವೈಪರ್ ಹಾಕಿದಳು. ಮಂಜು ಗಾಜಿನ ಮೇಲಿರಲಿಲ್ಲ. ಮೊದಲು ಗುಡ್ಡ ಹೋಯಿತು. ಆಮೇಲೆ ರಸ್ತೆ. ಆಮೇಲೆ ಸ್ಟಿಯರಿಂಗಿನ ಮೇಲಿದ್ದ ಅವಳದೇ ಕೈ. ನಡುಹಗಲಿನ ಬಿಸಿಲಿನಲ್ಲಿ ಕಾಡಿಗೆಯಂಥ ಕತ್ತಲೆ. ಆ ಕತ್ತಲೆಯಲ್ಲಿ ಕನ್ನಡಿಯೊಂದೇ ಕಿಟಕಿಯಂತೆ ಬೆಳಗುತ್ತಿತ್ತು. ಅದರಲ್ಲಿ ಸಮುದ್ರ ಹತ್ತಿರವಿತ್ತು. ತುಂಬ ಹತ್ತಿರ. ಉಪ್ಪಿನ ವಾಸನೆ ಮೂಗಿಗೆ ಬಡಿಯಿತು.

ಹಿಂದೆ ಇದ್ದರೆ ಹಿಂದೆಯೇ ಹೋಗುತ್ತೇನೆ, ಅದಕ್ಕೇನೀಗ? ಹಟ ಅವಳ ಹಲ್ಲು ಕಚ್ಚಿಸಿತು. ರಿವರ್ಸ್ ಹಾಕಿದಳು.

ಕಾರು ಕುಂಯ್‌ಗುಟ್ಟುತ್ತ ಹಿಂದೆ ಸರಿಯಿತು. ಸಮುದ್ರ ದೊಡ್ಡದಾಯಿತು. ಅಲೆಯ ಸದ್ದು ಕೇಳಿತು. ಇನ್ನಷ್ಟು ಸರಿಯಿತು. ಆಗ ಕನ್ನಡಿಯಲ್ಲಿ ದಾರಿಯ ನಡುವೆ ಯಾರೋ ಕೂತಿರುವುದು ಕಂಡಿತು.

ಒಂದು ಹೆಣ್ಣುಮಗು. ಬೆನ್ನು ಇತ್ತ. ಫ್ರಾಕಿನ ಗುಂಡಿ ಬಿಚ್ಚಿದೆ. ಕಾಲಲ್ಲಿ ಒಂದೇ ಚಪ್ಪಲಿ. ಒಡೆದ ಬಟ್ಟಲಿಗೆ ಮಣ್ಣು ತುಂಬುತ್ತಿದೆ.

ಹಾರ್ನ್ ಒತ್ತಿದಳು. ಮಗು ತಿರುಗಲಿಲ್ಲ. ಮತ್ತೆ ಒತ್ತಿದಳು. ತಿರುಗಲಿಲ್ಲ. ಇದು ಮಗುವಲ್ಲ. ಹಿಂದೆ ಯಾರೂ ಇಲ್ಲ. ಈಗ ತಾನೆ ತಿರುಗಿ ನೋಡಿದ್ದಳು, ಬರೀ ಗಿಡ. ಇನ್ನು ನಾಲ್ಕು ಮಾರು. ನಾಲ್ಕೇ ಮಾರು ಹೋದರೆ ಗಂಡನ ಸಮುದ್ರ. ಇಷ್ಟು ದೂರ ಬಂದು. ಇಷ್ಟು ಸುತ್ತಿ. ಒಂದು ಸುಳ್ಳು ಮಗುವಿಗಾಗಿ?

ಕಾಲು ಆಕ್ಸಿಲರೇಟರಿನ ಮೇಲಿತ್ತು. ಕಾಲು ಭಾರವಾಗಿತ್ತು. ಯಾರೋ ಅದರ ಮೇಲೆ ತಮ್ಮ ಕಾಲಿಟ್ಟು ಒತ್ತುತ್ತಿದ್ದರು. ಮಗುವಿನ ಕೂದಲು ಗಾಳಿಗೆ ಹಾರಿತು. ಕಾರು ಸರಿಯಿತು. ಸರಿಯಿತು. ಕತ್ತಿನ ಹಿಂದೆ ತಣ್ಣನೆಯ ಉಸಿರು. ಕಾರು ಸರಿಯಿತು.

"ಬ್ರೇಕ್!" ಎಂದು ಅವಳೇ ಕಿರುಚಿಕೊಂಡಳು, ಶಿಷ್ಯರಿಗೆ ಕಿರುಚುವ ದನಿಯಲ್ಲಿ. ಎರಡೂ ಕಾಲಿನಿಂದ ತುಳಿದಳು.

ಕಾರು ಜರ್ರೆಂದು ನಿಂತು ಆಫ್ ಆಯಿತು.

ಕನ್ನಡಿಯಲ್ಲಿ ಈಗ ಸಮುದ್ರವಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಗು ಕೂತಿತ್ತು. ಬಟ್ಟಲು ತೊಡೆಯ ಮೇಲಿತ್ತು. ಅದು ಮೆಲ್ಲನೆ ಮುಖ ಎತ್ತಿತು. ಅವಳು ಕಣ್ಣು ಮುಚ್ಚಿದಳು. ಮುಚ್ಚಿದರೂ ಕಾಣುತ್ತಿತ್ತು.

"ರೀ," ಎಂದಳು. ದನಿ ಅವಳದಾಗಿರಲಿಲ್ಲ. "ನನಗೆ ಮುಂದೆ ಏನೂ ಕಾಣ್ತಿಲ್ಲ."

ಗಂಡ ಇಳಿದ. ಕಾರಿನ ಮೈ ಸವರುತ್ತ ಹಿಂದಕ್ಕೆ ನಡೆದ. ಕಲ್ಲುಗಳು ಉರುಳಿದ ಸದ್ದು. ಅವು ತಳ ಮುಟ್ಟಲು ಬಹಳ ಹೊತ್ತು ಹಿಡಿಯಿತು. ಅವನು ಕಾರಿನ ಮೈ ಬಿಗಿಯಾಗಿ ಹಿಡಿದುಕೊಂಡೇ ವಾಪಸ್ ಬಂದ.

"ಹಿಂದಿನ ಚಕ್ರದಾಚೆ ನೆಲಾನೇ ಇಲ್ಲ ಕಣೇ. ಪ್ರಪಾತ. ಒಂದು ಗೇಣು... ಒಂದು ಗೇಣು ಅಷ್ಟೆ."

ಅವನೇ ಅವಳನ್ನು ಪಕ್ಕದ ಸೀಟಿಗೆ ಸರಿಸಿದ. ಕನ್ನಡಿಯ ಕಡೆ ನೋಡದೆ, ಕೈಯಿಂದಲೇ ತಡಕಿ ಅದರ ಮುಖವನ್ನು ಚಾವಣಿಗೆ ತಿರುಗಿಸಿದ. ಹುಡುಗನಾಗಿದ್ದಾಗ ಬಣ್ಣದ ಡಬ್ಬಿ ಹೇರಿಕೊಂಡು ವ್ಯಾನು ಓಡಿಸಿದ್ದೇ ಕೊನೆ, ಆಮೇಲೆ ಅವನು ಸ್ಟಿಯರಿಂಗ್ ಹಿಡಿದಿರಲಿಲ್ಲ.

"ಕ್ಲಚ್ ತುಳೀರಿ," ಎಂದಳು ಅವಳು, ಕುರುಡಿಯಂತೆ ಎದುರು ನೋಡುತ್ತ. "ಪೂರ್ತಿ. ಈಗ ಮೊದಲನೇ ಗೇರು. ಮೆಲ್ಲಗೆ ಬಿಡಿ. ಮೆಲ್ಲಗೆ ಅಂದೆ!"

"ಬಯ್ಯಬೇಡ ಕಣೇ. ಕೈ ನಡುಗುತ್ತೆ."

ಬಳೆಯಷ್ಟೇ ಕಣ್ಣಿನವನು ರಸ್ತೆ ಹೇಳಿದ, ಕಾಣದವಳು ಮಾತಿನಲ್ಲೇ ಗಾಡಿ ನಡೆಸಿದಳು. ಆಟೋ ಬಂದರೆ ಅವನು ಹೆದರಿ ನಿಲ್ಲಿಸಿದ, ದನ ಬಂತು ಎಂದು ಅವನೆಂದರೆ ಅವಳು ಹೆದರಿದಳು. ಬಾಣದ ಬೋರ್ಡು ಮತ್ತೆ ಬರಲಿಲ್ಲ. ತಿರುವೊಂದರಾಚೆ ಅವನು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಕಾರೂ ನಿಂತಿತು.

ಅವನು ಇಳಿದು ಮರಳಿನಲ್ಲಿ ಓಡಿದ ಸದ್ದು ಕೇಳಿಸಿತು. ಆಮೇಲೆ ನಗು. ಆಮೇಲೆ ಅಳು.

"ನಾನು ಬಳಿದದ್ದೆಲ್ಲ ತಪ್ಪು ಕಣೇ! ಇದು ನೀಲಿಯೇ ಅಲ್ಲ! ಇಳಿದು ಬಾರೇ, ನೋಡು!"

ಅವಳು ಇಳಿದಳು. ಎದುರಿಗೆ ಕತ್ತಲೆಯ ಗೋಡೆ ಮೊರೆಯುತ್ತಿತ್ತು. ಒದ್ದೆ ಗಾಳಿ ಮುಖಕ್ಕೆ ಬಡಿಯಿತು. ಸಹಿಸಲಾರದೆ ಮುಖ ತಿರುಗಿಸಿ ಕಡಲಿಗೆ ಬೆನ್ನು ಹಾಕಿದಳು.

ಆಗ ಸಮುದ್ರ ಕಂಡಿತು.

ಬೆನ್ನ ಹಿಂದಿದ್ದುದೆಲ್ಲ ಕಂಡಿತು. ನೀರು, ನೊರೆ, ಕೈಬೀಸುವ ಗಂಡ. ಅವಳ ಬೆನ್ನಿಗಂಟಿ ನಿಂತಿದ್ದ ಒಂಟಿ ಚಪ್ಪಲಿಯ ಮಗು. ಅಂಗಡಿಯ ಯಜಮಾನ ಯಾಕೆ ಹಾಗೆ ನಡೆಯುತ್ತಾನೆಂದು ಆಗ ಅರ್ಥವಾಗಿ, ಅವಳು ಮರಳಿನಲ್ಲಿ ಕುಸಿದಳು.

*

ಗಂಡ ಓಡಿಸಿದ ಕಾರು ಅಂಗಳಕ್ಕೆ ಬಂದಾಗ ಕೌಂಟರಿನ ಹೆಂಗಸು ಓಡಿ ಬಂದಳು.

"ನಿಲ್ಲಿಸಿದ್ರಾ? ಮಗು ಕಂಡಾಗ ಗಾಡಿ ನಿಲ್ಲಿಸಿದ್ರಾ?"

"ನಿಲ್ಲಿಸಿದೆ."

"ನೀವೊಬ್ರೇ ಅಕ್ಕಾ. ದಾರ ಬಿಚ್ಚಿದ ಉಳಿದೋರು ಯಾರೂ ನಿಲ್ಲಿಸಲಿಲ್ಲ. ಅವರು ಪ್ರಪಾತಕ್ಕೆ ಹೋದ್ರು, ಗಾಡಿ ಮಾತ್ರ ಅಂಚಲ್ಲಿ ಸುರಕ್ಷಿತವಾಗಿ ಸಿಕ್ತು." ಅವಳು ನೆಲಕ್ಕೆ ಕೂತಳು. "ನನ್ನ ಮಗಳು ಅದು. ಇಲ್ಲೇ ಆಡ್ತಾ ಕೂತಿದ್ಲು. ಅಣ್ಣ ಕನ್ನಡಿ ನೋಡದೆ ರಿವರ್ಸ್ ತಗೊಂಡ. ಅವಳ ಕೂದಲು ಸುಟ್ಟು ಆ ಬೂದೀನ ಈ ಕನ್ನಡಿ ಗಾಜಿಗೆ ಬಳಿದೆ. ಹಿಂದೆ ನೋಡದೇ ಇದ್ದೋನು ಸಾಯೋ ತನಕ ಹಿಂದೇನೇ ನೋಡ್ಲಿ ಅಂದೆ. ಅವನಿಗೆ ಅಂತಾನೇ ಮಾಡಿದ ಮಾಟ. ಗಾಜಿಗೇನು ಗೊತ್ತು, ಅಣ್ಣ ಯಾರು, ಗಿರಾಕಿ ಯಾರು?"

"ಬಿಚ್ಚೋಕೆ ಆಗಲ್ವಾ?" ಎಂದ ಗಂಡ.

"ನನಗೆ ಮಾಟ ಕಟ್ಟೋದು ಕಲಿಸಿದ ಮುದುಕಿ, ಬಿಚ್ಚೋದು ಕಲಿಸೋ ಮುಂಚೆ ಸತ್ತಳು."

"ಇಂಥ ಗಾಡೀನ ಬಾಡಿಗೆಗೆ ಕೊಡ್ತೀರಲ್ಲ! ಸುಟ್ಟು ಹಾಕ್ಬಾರ್ದಾ?"

"ಅದರೊಳಗೆ ಅವಳಿದಾಳಲ್ಲಣ್ಣಾ, ಹೇಗೆ ಸುಡ್ಲಿ? ನಿಂತಲ್ಲೇ ನಿಲ್ಲಿಸಿದ್ರೆ ಹಾರ್ನ್ ಹೊಡೀತಾಳೆ, ಅಳ್ತಾಳೆ. ಯಾರಾದ್ರೂ ಸುತ್ತಾಡಿಸ್ಕೊಂಡು ಬಂದ್ರೆ ಸುಮ್ನಾಗ್ತಾಳೆ." ಹೆಂಗಸು ಎದ್ದು ಹಿಂದಿನ ಬಾಗಿಲು ತೆರೆದಳು. ಸೀಟು ಸವರಿದಳು. ಮೂಸಿದಳು. ಅವಳ ಮುಖ ಬಿಳಿಚಿಕೊಂಡಿತು. "ಇಲ್ಲ... ಇಲ್ಲಿಲ್ಲ ಅವಳು. ಅಕ್ಕಾ, ಎಲ್ಲಿ ಇಳಿಸಿದ್ರಿ? ನನ್ನ ಮಗಳನ್ನ ಎಲ್ಲಿ ಇಳಿಸಿದ್ರಿ?"

ಕ್ಲಚ್ಚಕ್ಕನ ಸೆರಗಿನ ಹಿಂದೆ ಅಡಗಿ ನಿಂತ ಮಗು ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂಬಂತೆ ತಲೆಯಾಡಿಸುತ್ತಿತ್ತು.

*

ಬಸ್‌ಸ್ಟ್ಯಾಂಡಿನ ಪಕ್ಕದ ಅಂಚೆ ಕಚೇರಿಯ ಬೆಂಚಿನ ಮೇಲೆ ಗಂಡ ಕಾಗದ ಬರೆಯಲು ಕೂತ. ಬೋರ್ಡಿನ ಅಕ್ಷರದಷ್ಟು ದಪ್ಪ ಅಕ್ಷರ. ನಾಲ್ಕು ಸಾಲಿಗೆ ಹಾಳೆಯೇ ತುಂಬಿತು.

"ಏನು ಬರೆದ್ರಿ?"

"ಬರ್ತೀನಿ, ಹಾಸಿಗೆ ಇಟ್ಟಿರಿ ಅಂತ."

"ಸೋತರೆ ಇರೋದೂ ಹೋಗುತ್ತಂತಲ್ರೀ."

"ಇಷ್ಟು ದಿನ ನನ್ನ ಕಣ್ಣು ಹೋದರೆ ನಿನ್ನದಿತ್ತು. ಈಗ ಇಬ್ಬರಿಗೂ ಸೇರಿ ಇರೋದು ಇದೊಂದೇ. ಇದನ್ನ ಹೀಗೇ ಬಿಟ್ರೆ ದಿನಾ ಒಂಚೂರು ಹೋಗುತ್ತೆ." ಅಂಟು ಹಚ್ಚಿದ ಲಕೋಟೆಯನ್ನು ಅವಳ ಕೈಗಿಟ್ಟ. "ತಗೋ, ನೀನೇ ಹಾಕು. ನಾನು ಹಾಕೋಕೆ ಹೋದ್ರೆ ಮತ್ತೆ ನಾಳೆ ಅಂದುಬಿಡ್ತೀನಿ."

ಅವಳು ಅಂಚೆ ಡಬ್ಬಕ್ಕೆ ಬೆನ್ನು ಮಾಡಿ, ಹಿಂದುಹಿಂದಕ್ಕೆ ಹೆಜ್ಜೆಯಿಟ್ಟಳು. ಬಸ್ಸಿಗೆ ಕಾದಿದ್ದವರು ನಕ್ಕರು. ನಗಲಿ. ಕೈಯನ್ನು ಹಿಂದಕ್ಕೆ ಚಾಚಿ ಡಬ್ಬದ ಬಾಯಿಗೆ ಲಕೋಟೆ ತುರುಕಿದಳು. ಲಕೋಟೆ ಓರೆಯಾಗಿ ಅರ್ಧಕ್ಕೆ ಸಿಕ್ಕಿಕೊಂಡಿತು. ಹೊರಳಿಸಿ ಒತ್ತಿದಳು, ಜಗ್ಗಲಿಲ್ಲ. ಅಲ್ಲೂ ಒಂದು ಅಡ್ಡಿ! ಅವಳ ಕಣ್ಣಲ್ಲಿ ನೀರೇ ಬಂತು.

ಆಗ ಅವಳ ಬೆನ್ನ ಹಿಂದೆ ಮಗು ತುದಿಗಾಲಿನಲ್ಲಿ ನಿಂತಿತು. ಮಣ್ಣು ಮೆತ್ತಿದ ಪುಟ್ಟ ಕೈ ಮೇಲಕ್ಕೆ ಬಂದು, ಲಕೋಟೆಯನ್ನು ಒಳಕ್ಕೆ ತಳ್ಳಿತು.