ಮಾವ ಅರ್ಧಕ್ಕೆ ಬಿಟ್ಟ ‘ಳ’

ನಮ್ಮ ಮುದ್ರಣಾಲಯದ ಪೋಸ್ಟರುಗಳಿಗೆ ಮರದ ಅಕ್ಷರಗಳನ್ನು ಕೆತ್ತಿದವರು ನನ್ನ ಮಾವ. “ದುಂಡಗಿದ್ರೆ ಸಾಲ್ದು, ತುದಿ ಉಸಿರು ಬಿಟ್ಟ ಹಾಗೆ ತೆಳ್ಳಗಾಗ್ಬೇಕು” ಎನ್ನುತ್ತಿದ್ದರು. ಕೊನೆಯ ಅಕ್ಷರ ‘ಳ’ ಅರ್ಧವಾಗಿರುವಾಗಲೇ ತೀರಿಕೊಂಡರು. ಅಕ್ಷರಗಳ ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ನಾನೇ ಇಟ್ಟುಕೊಂಡೆ.

ಈಚೆಗೆ ಪೆಟ್ಟಿಗೆ ತೆರೆದಾಗಲೆಲ್ಲ ಅಕ್ಷರಗಳ ಸಂದಿಯಲ್ಲಿ ಹೊಸ ಮರದ ಪುಡಿ. ‘ಳ’ ಮಾತ್ರ ಬೆಚ್ಚಗಿರುತ್ತಿತ್ತು. ನಾನು ಮೊದಲೇ ಅನುಮಾನದ ಪ್ರಾಣಿ. ಭಾವಮೈದುನನಿಗೂ ಅಪ್ಪನ ಕಸುಬು ಗೊತ್ತಲ್ಲ, ಕಳ್ಳಕೀಲಿ ಮಾಡಿಸಿದ್ದಾನೆ ಎಂದುಕೊಂಡೆ. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ.

“ನಾನಲ್ಲ ಭಾವ. ಕೆರೆಯೋ ಸದ್ದು ಕೇಳಿದಾಗೆಲ್ಲ ನೀವೇ ಅಂದ್ಕೊಂಡು ಸುಮ್ನಿದ್ದೆ” ಎಂದ.

ಅದೇ ಹೊತ್ತಿಗೆ, ಬೀಗ ಹಾಕಿದ ಪೆಟ್ಟಿಗೆಯೊಳಗೆ ಕೆರೆಯುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ನಿಂತು, ಯಾರೋ ಪುಡಿ ಊದಿದ ಸದ್ದಾಯಿತು.

ಈಗ ‘ಳ’ ಪೂರ್ತಿಯಾಗಿದೆ. ನಿನ್ನೆಯಿಂದ ಪಕ್ಕದ ಖಾಲಿ ಮರದ ತುಂಡು ಬೆಚ್ಚಗಿದೆ. ‘ಳ’ ಆದಮೇಲೆ ಕೆತ್ತಲು ಅಕ್ಷರವೇ ಇಲ್ಲ.