ತಿರುಗಿ ಬಾರದ ಗೆರೆ

"ಇದೇನಮ್ಮಾ ಅಮೂಲ್ಯಾ, ಎಲೆಕ್ಟ್ರಿಕ್ ಫೀಲ್ಡೋ, ಸಂಕ್ರಾಂತಿ ಮುಗ್ಗೋ?"

ಕೃಷ್ಣಚೈತನ್ಯ ಸರ್ ಚಾರ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ರಂಗೋಲಿಗೆ ತೆಲುಗಿನವರು ಹೇಳುವುದೇ ಮುಗ್ಗು ಎಂದು. ಕ್ಲಾಸೆಲ್ಲ ನಕ್ಕಿತು. ಹಿಂದಿನ ಬೆಂಚಿನವರಿಗೆ ಚಾರ್ಟ್ ಕಾಣುತ್ತಿರಲಿಲ್ಲ. ಅವರು ಸ್ವಲ್ಪ ಹೆಚ್ಚೇ ನಕ್ಕರು.

ಚಾರ್ಟಿನ ನಡುವೆ ಕೆಂಪು ಬಣ್ಣದ ಪ್ಲಸ್ ಚಾರ್ಜ್ ಇತ್ತು. ಅದರಿಂದ ಎಂಟು ಗೆರೆಗಳು ಹೊರಟಿದ್ದವು. ಅಲ್ಲಿಯವರೆಗೆ ಸರಿ. ಆಮೇಲೆ ಅವು ಬಳುಕಿ, ಎರಡೆರಡಾಗಿ ತುದಿ ಸೇರಿಸಿಕೊಂಡು, ನಾಲ್ಕು ಎಸಳಿನ ಹೂವಾಗಿಬಿಟ್ಟಿದ್ದವು.

ಆರನೇ ಕ್ಲಾಸಿಗೆ ಎಲೆಕ್ಟ್ರಿಕ್ ಫೀಲ್ಡ್ ಯಾಕೆ ಎಂದು ಕೇಳಬಾರದು. ಅದು ಐಐಟಿ ಫೌಂಡೇಶನ್ ಸೆಕ್ಷನ್. ಐಐಟಿಗೆ ಇನ್ನೂ ಆರು ವರ್ಷ ಇತ್ತು. ದುವ್ವಾಡದ ಆ ಶಾಲೆಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ.

"ಗೆರೆ ವಾಪಸು ಬರೋದಿಲ್ಲಮ್ಮಾ. ಹೋಗ್ತಾನೇ ಇರುತ್ತೆ," ಎಂದರು ಸರ್.

"ಎಲ್ಲಿಗೆ ಸರ್?"

"ಇನ್ಫಿನಿಟಿಗೆ."

"ಅದು ಎಷ್ಟು ದೂರ ಸರ್?"

"ಅನಕಾಪಲ್ಲಿ ಸ್ಟೇಷನ್ ಆದ್ಮೇಲೆ," ಎಂದಿತು ಹಿಂದಿನ ಬೆಂಚು.

ಸರ್ ನಗಲಿಲ್ಲ. "ನಾಳೆ ಬೆಳಿಗ್ಗೆ ಸರಿಯಾದ ಚಾರ್ಟ್ ತಾ. ಇಲ್ಲಾಂದ್ರೆ ಎಗ್ಸಿಬಿಷನ್‌ಗೆ ಸಾಯಿಪ್ರಿಯಾದು ಹಾಕ್ತೀನಿ. ಯಾರ ಚಾರ್ಟೋ ಅವರೇ ನಿಂತು ಎಕ್ಸ್‌ಪ್ಲೇನ್ ಮಾಡೋದು."

ಎಗ್ಸಿಬಿಷನ್ ಶನಿವಾರ. ಅಮೂಲ್ಯಾಳ ಅಪ್ಪನಿಗೆ ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹಾಸನದಿಂದ ಬಂದ ಈ ಎರಡು ವರ್ಷದಲ್ಲಿ ಅವರು ಮಗಳ ಶಾಲೆಯೊಳಗೆ ಕಾಲಿಟ್ಟಿದ್ದು ಒಂದೇ ಸಲ, ಅಡ್ಮಿಷನ್ ದಿನ. ಈ ಶನಿವಾರಕ್ಕೆ ಅರ್ಧ ದಿನ ರಜೆ ಹಾಕಿದ್ದರು. "ನೀನು ಹೇಳೋದನ್ನ ನಿಂತ್ಕೊಂಡು ಕೇಳ್ತೀನಿ," ಎಂದಿದ್ದರು.

ಸಂಜೆ ಅಮೂಲ್ಯಾ ಹೊಸ ಚಾರ್ಟ್ ಹಿಡಿದು ಕೆಳಗಿನ ಮನೆಯ ವರಾಂಡಕ್ಕೆ ಇಳಿದಳು. ಮನೆ ಓನರ್ ಸೂರ್ಯಕಾಂತಮ್ಮ ಮೊರ ಹಿಡಿದು ತೊಗರಿಬೇಳೆ ಆರಿಸುತ್ತ ಕೂತಿದ್ದರು. ಬಳ್ಳಾರಿಯಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾದವರು. ಅಮೂಲ್ಯಾ ಅವರನ್ನು ಅಜ್ಜಿ ಎನ್ನುವಂತೆ ಅಮ್ಮಮ್ಮ ಎನ್ನುತ್ತಿದ್ದಳು. ಮುಗ್ಗು ಹಾಕುವುದನ್ನು ಕಲಿಸಿದ್ದೂ ಅವರೇ.

ಅಮೂಲ್ಯಾ ನೆಲದ ಮೇಲೆ ಚಾರ್ಟ್ ಹಾಸಿ ಗೆರೆ ಎಳೆದಳು. ತುದಿ ಬರುತ್ತಿದ್ದಂತೆ ಕೈ ತಾನಾಗಿಯೇ ಬಾಗಿ, ಪಕ್ಕದಲ್ಲೇ ಇಳಿದು, ಹೊರಟಲ್ಲಿಗೇ ಬಂತು. ಅಳಿಸಿದಳು. ಮತ್ತೆ ಎಳೆದಳು. ಕೈ ಮತ್ತೆ ಬಾಗಿತು.

"ಅಳಸ್ತೀ ಯಾಕವ್ವಾ? ಚೆಂದ ಬಂದೈತಲ್ಲ."

"ಹಾಗೆ ಸೇರಿಸಬಾರದಂತೆ ಅಮ್ಮಮ್ಮಾ. ತುದಿ ಬಿಟ್ಟುಬಿಡಬೇಕಂತೆ."

"ಬಾಯಿ ತೆರೆದ ಗೆರೀನಾ? ಯಾರವ್ವಾ ಹಂಗ ಹೇಳಿದ್ದು! ಹೊರಟ ಗೆರಿ ಮನೀಗೆ ಬರಬೇಕು. ತೆರೆದಿಟ್ರೆ ಲಕ್ಷ್ಮಿ ಹೊಂಟುಹೋಗ್ತಾಳ."

"ಇದು ಮುಗ್ಗಲ್ಲ. ಕರೆಂಟು."

"ಕರೆಂಟಾದ್ರ ಇನ್ನೂ ಕಷ್ಟ. ಅದನ್ನ ತೆರೆದಿಡ್ತಾರೇನು ಯಾರಾದ್ರೂ?"

ಅಮೂಲ್ಯಾ ಮೊರದಿಂದ ಒಂದು ಬೇಳೆ ತೆಗೆದು ಚಾರ್ಟಿನ ಮೇಲಿಟ್ಟಳು. ಸರ್ ಕೊಟ್ಟ ನೋಟ್ಸನ್ನು ಒಂದೇ ಉಸಿರಿಗೆ ಹೇಳಿದಳು: "ಇದು ಚಿಕ್ಕ ಪ್ಲಸ್. ನಡುವೆ ಇರೋದು ದೊಡ್ಡ ಪ್ಲಸ್. ಪ್ಲಸ್ಸಿಗೂ ಪ್ಲಸ್ಸಿಗೂ ಆಗಲ್ಲ, ದೊಡ್ಡದು ಚಿಕ್ಕದನ್ನ ತಳ್ಳುತ್ತೆ. ಯಾವ ಕಡೆ ತಳ್ಳುತ್ತೆ ಅಂತ ಗೆರೆ ತೋರಿಸುತ್ತೆ."

"ನನ್ನ ಇಬ್ಬರು ಸೊಸೆಯಂದಿರ ಹಂಗ," ಎಂದರು ಸೂರ್ಯಕಾಂತಮ್ಮ. ಬೇಳೆಯ ಮೇಲೆ ಬೆರಳಿಟ್ಟು ಗೆರೆಯುದ್ದಕ್ಕೂ ತಳ್ಳುತ್ತ ಹೋದರು. ಎಸಳು ಬಾಗುವ ಜಾಗದಲ್ಲಿ ಬೆರಳು ನಿಂತಿತು.

"ಇಲ್ಲಿ ತಿರುಗಬೇಕಾ?"

"ಹೂಂ."

"ತಳ್ಳಿದಾತ ಅಲ್ಲೇ ಕುಂತಾನಲ್ಲವ್ವಾ. ಇದು ತಿರುಗಿ ಅವನ ಹತ್ರಾನೇ ಯಾಕ ಹೋಗ್ತೈತಿ?"

ಅಮೂಲ್ಯಾ ಚಾರ್ಟಿನ ಮೇಲೆ ಬಾಗಿದಳು.

ಅವಳು ಬೇಳೆಯನ್ನು ಒಂದು ಬೆರಳಿನಷ್ಟು ಆಚೆ ಇಟ್ಟು ನೋಡಿದಳು. ಅಲ್ಲಿಂದಲೂ ಪ್ಲಸ್ ಅದನ್ನು ಆಚೆಗೇ ತಳ್ಳುತ್ತದೆ. ಇನ್ನೂ ಆಚೆ ಇಟ್ಟಳು. ಅಲ್ಲಿಂದಲೂ ಅಷ್ಟೇ. ತಿರುಗುವುದಕ್ಕೆ ಎಲ್ಲಿಯೂ ಒಂದು ಕಾರಣ ಸಿಗಲಿಲ್ಲ. ಬೇಳೆ ಚಾರ್ಟಿನ ಅಂಚಿಗೆ ಬಂದು ನೆಲಕ್ಕೆ ಇಳಿಯಿತು. ಪ್ಲಸ್ಸಿಗೆ ಚಾರ್ಟ್ ಮುಗಿದದ್ದೇನು ಗೊತ್ತು?

ಅಮೂಲ್ಯಾ ಎಸಳನ್ನು ಪೂರ್ತಿ ಅಳಿಸಿ ಸ್ಕೇಲ್ ಇಟ್ಟಳು. ಗೆರೆ ನೆಟ್ಟಗೆ ಅಂಚಿಗೆ ಬಂತು. ಪೆನ್ಸಿಲ್ ಅಲ್ಲಿಗೆ ನಿಲ್ಲದೆ ಕೆಂಪು ನೆಲದ ಮೇಲೆ ಒಂದು ಗೇಣು ಓಡಿತು.

ಸೂರ್ಯಕಾಂತಮ್ಮ ಬೆಳಿಗ್ಗೆಯಷ್ಟೇ ಒರೆಸಿದ ನೆಲ ಅದು. ಅವರು ಗೆರೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ಇಂಥವು ಇನ್ನೂ ಏಳು ಅದಾವೇನು?" ಎಂದು ಕೇಳಿ, ಮೊರವನ್ನು ಪಕ್ಕಕ್ಕೆ ಎಳೆದುಕೊಂಡು ಜಾಗ ಬಿಟ್ಟರು.

ಮಾರನೆಯ ದಿನ ಸರ್ ಚಾರ್ಟ್ ನೋಡಿ "ಹಾಂ" ಎಂದರು. ಗೋಡೆಗೆ ಅಂಟಿಸಲು ಟೇಪ್ ಕೊಟ್ಟರು.

ಶನಿವಾರ ಜನರೆಲ್ಲ ಪಕ್ಕದ ಜ್ವಾಲಾಮುಖಿಗೇ ಮುಗಿಬಿದ್ದರು. ಅದು ನೊರೆ ಉಗುಳುತ್ತಿತ್ತು. ಒಬ್ಬರು ಆಂಟಿ ಮಾತ್ರ ಅಮೂಲ್ಯಾಳ ಚಾರ್ಟ್ ನೋಡಿ "ಸೂರ್ಯ ಚೆನ್ನಾಗಿದ್ದಾನೆ" ಎಂದು ಹೊಗಳಿ ಹೋದರು.

ಹನ್ನೆರಡರ ಹೊತ್ತಿಗೆ ಅಪ್ಪ ಬಂದರು. ಕೊರಳಲ್ಲಿ ಕಾರ್ಖಾನೆಯ ಐಡಿ ಕಾರ್ಡ್ ಹಾಗೇ ಇತ್ತು. ಕೈ ಹಿಂದೆ ಕಟ್ಟಿ ನಿಂತು ಪೂರ್ತಿ ಕೇಳಿದರು. ಆಮೇಲೆ ಒಂದು ಗೆರೆಯನ್ನು ಬೆರಳಲ್ಲಿ ಹಿಡಿದು ಅಂಚಿನವರೆಗೆ ಹೋದರು.

"ಇಲ್ಲಿಗೆ ಮುಗೀತಾ?"

"ಇಲ್ಲಪ್ಪಾ," ಎಂದಳು ಅಮೂಲ್ಯಾ. "ಅಲ್ಲಿಗೆ ಚಾರ್ಟ್ ಮುಗೀತು."

ಅಪ್ಪ ಬೆರಳು ತೆಗೆಯಲಿಲ್ಲ. ಚಾರ್ಟ್ ಆಚೆಯ ಬರಿಯ ಗೋಡೆಯನ್ನು ನೋಡುತ್ತ ನಿಂತರು. ಅಮೂಲ್ಯಾಳೂ ಅತ್ತಲೇ ನೋಡಿದಳು.